ಹೋಗದ ಮನೆಯ ಸ್ಥಳಭೇಟಿ ವರದಿ

ಆ ವರದಿ ಒಟ್ಟು ಏಳು ಸಾಲಿನದು. ಬರೆದವನು ನಾನೇ. ಐದನೆಯ ಸಾಲು ಹೀಗಿತ್ತು: ‘ಮನೆಯ ಮುಂದೆ ಸುಮಾರು ಅರ್ಧ ತಾಸು ನಿಂತರೂ ಮಕ್ಕಳ ಸದ್ದು ಕೇಳಿಬರಲಿಲ್ಲ, ಶಾಲೆ ನಡೆಯುತ್ತಿರುವ ಲಕ್ಷಣ ಕಂಡುಬರಲಿಲ್ಲ.’ ನಾನು ಆ ಮನೆಯ ಮುಂದೆ ಅರ್ಧ ನಿಮಿಷವೂ ನಿಂತಿರಲಿಲ್ಲ. ಆ ಓಣಿಗೆ ಕಾಲೇ ಇಟ್ಟಿರಲಿಲ್ಲ.

ಆಳಂದದ ಬೇಳೆ ಮಿಲ್ಲಿನ ಸಾವಕಾರರೊಬ್ಬರು ತೀರಿಹೋಗುವ ಮೊದಲು ಕಟ್ಟಿದ ಪ್ರತಿಷ್ಠಾನ ನಮ್ಮದು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲೆ, ವಾಚನಾಲಯ, ಹೆಣ್ಣುಮಕ್ಕಳ ಸಂಘ ಇಂಥವಕ್ಕೆ ವರ್ಷಕ್ಕೊಮ್ಮೆ ಅನುದಾನ ಕೊಡುತ್ತದೆ. ಏಳು ಮಂದಿ ಟ್ರಸ್ಟಿಗಳು. ಸಾವಕಾರರ ಮಗನೇ ಅಧ್ಯಕ್ಷರು. ನಾನು ಸಂಬಳದ ಕಾರ್ಯದರ್ಶಿ. ನನಗೆ ಸಭೆಯಲ್ಲಿ ಮತವಿಲ್ಲ. ಆದರೆ ಆ ಏಳು ಮತಗಳು ಯಾವ ಕಡೆ ಬೀಳಬೇಕು ಎನ್ನುವುದು ನಾನು ಬರೆದ ಒಂದು ಪುಟದ ಮೇಲೆ ನಿಂತಿರುತ್ತಿತ್ತು.

ಟ್ರಸ್ಟ್ ಡೀಡಿನಲ್ಲಿ ಹಾಗಿರಲಿಲ್ಲ. ಪ್ರತಿ ಅರ್ಜಿಯ ಸ್ಥಳಕ್ಕೂ ಇಬ್ಬರು ಟ್ರಸ್ಟಿಗಳು ಹೋಗಿ ಬರಬೇಕು, ವರದಿಗೆ ಇಬ್ಬರೂ ಸಹಿ ಮಾಡಬೇಕು ಎಂದು ಹಿರಿಯ ಸಾವಕಾರರು ಬರೆಸಿದ್ದರು. ಮೊದಮೊದಲು ಹೋಗುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಒಬ್ಬರಿಗೆ ಮೊಣಕಾಲು ನೋವು, ಒಬ್ಬರಿಗೆ ದವಾಖಾನೆ ಬಿಡುವಂತಿಲ್ಲ, ಮತ್ತೊಬ್ಬರಿಗೆ ಸುಗ್ಗಿ. ‘ನೀವೇ ಹೋಗಿ ಬರ್ರಿ, ನಿಮ್ಮ ಮ್ಯಾಲೆ ನಮಗ ಭರವಸಾ ಅದ’ ಎಂದರು. ನಾನು ಬರೆದ ವರದಿಗೆ ಇಬ್ಬರು ಕೂತಲ್ಲೇ ಸಹಿ ಹಾಕುತ್ತಿದ್ದರು. ಅದಕ್ಕೊಂದು ಠರಾವೂ ಆಗಲಿಲ್ಲ, ರೂಢಿಯಾಯಿತು ಅಷ್ಟೆ. ವಾರ್ಷಿಕ ಸಭೆಯ ದಿನ ಮಿಲ್ಲಿನ ಮಾಳಿಗೆಯ ಕೋಣೆಯಲ್ಲಿ ಮೂವತ್ತು ಅರ್ಜಿಗಳು ಊಟದ ಹೊತ್ತಿನೊಳಗೆ ಮುಗಿಯುತ್ತಿದ್ದವು. ಮುಗಿಯಲೇಬೇಕಿತ್ತು, ಏಕೆಂದರೆ ನಡಾವಳಿಯನ್ನು ನಾನು ಹಿಂದಿನ ದಿನವೇ ಟೈಪ್ ಮಾಡಿ ಇಟ್ಟಿರುತ್ತಿದ್ದೆ. ಹಾಜರಿದ್ದವರ ಹೆಸರಿಗೆ ಮಾತ್ರ ಜಾಗ ಖಾಲಿ.

ಅಫಜಲಪುರದ ಅರ್ಜಿ ಒಬ್ಬ ತಾಯಿಯದು. ಮಗಳು ಹುಟ್ಟು ಕಿವುಡಿ. ಮಗಳಿಗಾಗಿ ಕಲಬುರಗಿಗೆ ಓಡಾಡಿ ಸನ್ನೆಭಾಷೆ ಕಲಿತ ಆಕೆ, ಆಮೇಲೆ ತನ್ನ ಮನೆಯ ಪಡಸಾಲೆಯಲ್ಲೇ ವಾರಕ್ಕೆ ಮೂರು ದಿನ ಅಂಥ ಹತ್ತು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ನಾಲ್ವರು ಹವಳಗಾ ಕಡೆಯ ಹಳ್ಳಿಗಳವರು. ಅವರನ್ನು ಬಸ್ಸಿನಲ್ಲಿ ಕರೆತಂದು ತಿರುಗಿ ಮುಟ್ಟಿಸಲು ಒಬ್ಬ ಹೆಂಗಸು ಇದ್ದಳು. ಹೆಂಗಸರಿಗೆ ಬಸ್ ಪುಕ್ಕಟೆಯಾದರೂ ಅವಳ ಮೂರು ದಿನದ ಕೂಲಿ ತಪ್ಪುತ್ತಿತ್ತು. ಅದನ್ನು ತುಂಬಿಕೊಡಬೇಕು, ಕಲಬುರಗಿಯಿಂದ ವಾರಕ್ಕೊಮ್ಮೆ ತರಬೇತಿಯಾದ ಒಬ್ಬ ಶಿಕ್ಷಕರು ಬರುವಂತಾಗಬೇಕು, ಇಷ್ಟೇ ಕೇಳಿದ್ದರು. ಅಕ್ಷರ ದುಂಡಗಿತ್ತು. ನೋಂದಣಿ ಪತ್ರ ಇರಲಿಲ್ಲ, ಕಟ್ಟಡದ ಫೋಟೋ ಇರಲಿಲ್ಲ.

ಅದೊಂದು ಗುರುವಾರ. ಬೆಳಿಗ್ಗೆ ಜೇವರ್ಗಿ ಕಡೆಯ ಎರಡು ಊರು ಮುಗಿಸಿ ಕಲಬುರಗಿಗೆ ಬಂದು, ಅಲ್ಲಿಂದ ಅಫಜಲಪುರದ ಬಸ್ ಹಿಡಿದೆ. ಇಳಿದಾಗ ಮಟಮಟ ಮಧ್ಯಾಹ್ನ. ಮನೆ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ ಎಂದು ಅರ್ಜಿಯಲ್ಲೇ ಬರೆದಿತ್ತು. ನಾನು ಕಬ್ಬಿನ ಹಾಲು ಕುಡಿಯುತ್ತ ನೆರಳಿಗೆ ಕುಳಿತೆ. ನೋಂದಣಿಯೇ ಇಲ್ಲ, ಸಭೆ ಒಪ್ಪುವುದಿಲ್ಲ, ಹೋಗಿ ಏನು ನೋಡುವುದು ಎಂದು ಒಂದು ಯೋಚನೆ. ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು: ಸಾಬರ ಓಣಿಯಲ್ಲಿ ಪರದೆ ಬಿಟ್ಟ ಬಾಗಿಲಿನ ಮುಂದೆ, ಗಂಡಸರಿಲ್ಲದ ಹೊತ್ತಿನಲ್ಲಿ ಹೋಗಿ ನಿಲ್ಲಲು ನನಗೆ ಒಲ್ಲದ ಮನಸ್ಸು. ಅವರು ನನ್ನನ್ನು ಬರಮಾಡಿಕೊಳ್ಳುವುದಿಲ್ಲ ಎಂದು ನಾನೇ ಅವರ ಪರವಾಗಿ ತೀರ್ಮಾನಿಸಿಬಿಟ್ಟಿದ್ದೆ. ಅಷ್ಟರಲ್ಲಿ ಕಲಬುರಗಿ ಬಸ್ ಬಂದು ನಿಂತಿತು, ಕಿಟಕಿ ಪಕ್ಕದ ಸೀಟು ಖಾಲಿ ಇತ್ತು. ಹತ್ತಿದೆ.

ವರದಿ ಬರೆಯುವಾಗ, ಹೋಗಿ ನೋಡಿದಂತೆ ಕಾಣಲು ಏನಾದರೂ ಒಂದು ವಿವರ ಬೇಕಾಗಿತ್ತು. ಕಿವುಡ ಮಕ್ಕಳ ಶಾಲೆ. ಸದ್ದಿರಲಿಲ್ಲ ಎಂದರೆ ಯಾರು ತಾನೇ ಅನುಮಾನಪಟ್ಟಾರು ಎಂದುಕೊಂಡೆ. ಸಭೆಯಲ್ಲಿ ಆ ಅರ್ಜಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ನಿವೃತ್ತ ಮುಖ್ಯೋಪಾಧ್ಯಾಯಿನಿಯಾದ ಟ್ರಸ್ಟಿ, ನಾವೆಲ್ಲ ಅಕ್ಕೋರು ಎಂದು ಕರೆಯುವವರು, ‘ಸಾಲಿನೇ ಇಲ್ಲೇನ್ರಿ?’ ಎಂದು ಒಮ್ಮೆ ಕೇಳಿದರು. ‘ಕಾಣಲಿಲ್ರಿ ಅಕ್ಕೋರ’ ಎಂದೆ. ನಾಮಂಜೂರು. ಅವರು ಕೇಳಿದ ಪ್ರಶ್ನೆ ನಡಾವಳಿಯಲ್ಲಿ ಬರಲಿಲ್ಲ, ಏಕೆಂದರೆ ನಡಾವಳಿ ಆಗಲೇ ಟೈಪಾಗಿತ್ತು.

ಮಳೆಗಾಲದಲ್ಲಿ ಕಲಬುರಗಿಯ ಇನ್ನೊಂದು ದತ್ತಿ ಸಂಸ್ಥೆಯಿಂದ ಫೋನ್ ಬಂತು. ಆ ತಾಯಿ ಅವರಿಗೂ ಅರ್ಜಿ ಹಾಕಿದ್ದರು. ನಿಮಗೂ ಅರ್ಜಿ ಹಾಕಿದ್ದರಂತೆ, ನೀವು ನೋಡಿ ಬಂದಿರಬೇಕಲ್ಲ, ಹೇಗಿದೆ ಎಂದು ಕೇಳಿದರು. ಫೈಲು ಎದುರಿಗಿತ್ತು. ಐದನೆಯ ಸಾಲನ್ನು ಓದಿ ಹೇಳಿದೆ. ಹಾಗೆ ನನ್ನ ಸುಳ್ಳು ನನ್ನ ಕಪಾಟಿನಿಂದ ಹೊರಬಿದ್ದು ಇನ್ನೊಂದು ಕಪಾಟು ಸೇರಿತು.

ದಸರೆ ಮುಗಿದ ಮೇಲೆ ಒಂದು ಬೆಳಿಗ್ಗೆ ಆ ತಾಯಿ ಆಳಂದಕ್ಕೆ ಬಂದರು. ಅಕ್ಕೋರು ಯಾವುದೋ ಕಾಗದಕ್ಕೆ ಸಹಿ ಹಾಕಲು ಕಚೇರಿಯಲ್ಲೇ ಇದ್ದರು.

“ಸರ್, ನಮ್ಮ ಅರ್ಜಿ ಯಾಕ ವಾಪಸ್ ಆತು, ಅದೊಂದ ತಿಳ್ಕೊಂಡು ಹೋಗ್ತೇನಿ,” ಎಂದರು.

“ಕಾರಣ ತಿಳಿಸೋ ಪದ್ಧತಿ ಇಲ್ರಿ ಆಪಾ. ಮುಂದಿನ ವರ್ಷ ಮತ್ತ ಹಾಕ್ರಿ,” ಎಂದೆ. ಅವರ ಮಂದಿ ಅಕ್ಕನನ್ನು ಕರೆಯುವಂತೆ ನಾನೂ ಆಪಾ ಎಂದೇ ಕರೆದೆ.

“ಕಲಬುರಗಿಯವ್ರು ಹೇಳ್ಯಾರ್ರಿ. ಆಳಂದದವ್ರು ಬಂದು ನೋಡ್ಯಾರಂತ, ಅಲ್ಲಿ ಸಾಲಿನೇ ಇಲ್ಲಂತ. ಯಾರು ಬಂದಿದ್ರು?”

ಅಕ್ಕೋರು ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ಕೈ ಚಾಚಿದರು. “ಆ ಫೈಲ್ ಕೊಡ್ರಿ ಇಲ್ಲಿ.” ಏಳು ಸಾಲನ್ನೂ ತರಗತಿಯಲ್ಲಿ ಓದುವ ದನಿಯಲ್ಲಿ ಓದಿದರು.

ಆಪಾ, “ಆ ಸದ್ದಿಂದು ಇನ್ನೊಮ್ಮೆ ಓದ್ರಿ,” ಎಂದರು. ಓದಿದ ಮೇಲೆ ಹೇಳಿದರು: “ಅಕ್ಕೋರ, ನಮ್ಮ ಮಕ್ಕಳಿಗೆ ಕಿವಿ ಕೇಳಂಗಿಲ್ಲ, ಖರೆ. ಬಾಯಿ ಇಲ್ಲೇನ್ರಿ? ತಮ್ಮ ದನಿ ತಮಗ ಕೇಳಂಗಿಲ್ಲಲಾ, ಅದಕ್ಕ ಇನ್ನಾ ಜೋರ್ ಚೀರ್ತಾವ. ಒಬ್ರನ್ನೊಬ್ರು ಕರೀಬೇಕಾದ್ರ ನೆಲಾ ಕುಟ್ತಾವ, ಹಲಗಿ ಬಡೀತಾವ. ಬಾಜೂ ಮನಿಯವ್ರ ಶಿಕಾಯತ್ ತಾಳಲಾರದ ನಾ ಎರಡ ಸಲ ಮನಿ ಬದಲ್ ಮಾಡೇನಿ. ಬಂದವ್ರಿಗೆ ಓಣಿ ಮೂಲ್ಯಾಗ ನಿಂತ್ರ ಸಾಕು, ಕೇಳ್ತದ.” ಆಮೇಲೆ ನನ್ನ ಕಡೆ ತಿರುಗಿದರು. “ಯಾವತ್ತ ಬಂದಿದ್ರಿ ಸರ್?”

“ಗುರುವಾರ.”

“ಗುರುವಾರ ಸಾಲಿ ಇರ್ತದ. ನಮ್ಮ ಬಾಗಲಾ ಯಾವ ಬಣ್ಣದ್ದದ?”

ನಾನು ಅಕ್ಕೋರ ಕೈಯಲ್ಲಿದ್ದ ಫೈಲಿನ ಕಡೆ ನೋಡಿದೆ. ಅಕ್ಕೋರು, “ಹೋಗಿದ್ರೇನು?” ಎಂದು ಕೇಳಿದರು.

“ಅಫಜಲಪುರಕ್ಕ ಹೋಗಿದ್ದೆ ಅಕ್ಕೋರ.”

“ನಾ ಅಫಜಲಪುರ ಕೇಳಲಿಲ್ಲ.”

“ಮನಿ ತಪ್ಪಿರಬೇಕ್ರಿ,” ಎಂದುಬಿಟ್ಟೆ.

ಮೊದಲ ಸುಳ್ಳಿಗಿಂತ ಈ ಎರಡನೆಯದು ನನ್ನನ್ನು ಹೆಚ್ಚು ಕಾಡಿದೆ. ಮೊದಲನೆಯದನ್ನು ಕಾಗದದ ಮೇಲೆ ಹೇಳಿದ್ದೆ, ಇದನ್ನು ಮುಖ ನೋಡಿ ಹೇಳಿದೆ. ಆಪಾ “ಇರಬಹುದು” ಎಂದಷ್ಟೇ ಹೇಳಿ ಎದ್ದರು. ಕೊಟ್ಟ ನೀರನ್ನು ಮುಟ್ಟಿರಲಿಲ್ಲ.

ಸಂಜೆ ಅಧ್ಯಕ್ಷರಿಗೆ ಫೋನಿನಲ್ಲಿ ಮನೆ ತಪ್ಪಿದ ಕತೆಯನ್ನೇ ಹೇಳಿದೆ. ಅವರು ನಂಬಿದರೋ ಇಲ್ಲವೋ, ನಂಬಲು ಸಿದ್ಧರಿದ್ದರು. “ಸಭಾದಾಗ ಇದು ಬರೋದ ಬ್ಯಾಡ. ಅಪ್ಪಾಜಿ ಹೆಸರಿನ ಸಂಸ್ಥಾ ಅದ. ಅಧ್ಯಕ್ಷರ ವಿವೇಚನಾ ಅಂತ ಒಂದು ಕಲಂ ಅದಲಾ, ಅದರಾಗ ಮಂಜೂರ್ ಮಾಡಿ ಪತ್ರ ಕೊಟ್ಟ ಬರ್ರಿ. ಮುಗೀತು,” ಎಂದರು. ಆ ಪತ್ರವನ್ನು ಟೈಪ್ ಮಾಡುವಾಗ ನನಗಾದ ಹಗುರ ನೆನೆಸಿಕೊಂಡರೆ ಈಗಲೂ ಮೈ ಮುದುಡುತ್ತದೆ. ತಪ್ಪನ್ನು ತಿದ್ದುತ್ತಿದ್ದೇನೆ ಎಂದೇ ಅನ್ನಿಸಿತ್ತು. ನಿಜದಲ್ಲಿ ಅದನ್ನು ಹೂಳುತ್ತಿದ್ದೆ.

ಈ ಸಲ ಆ ಓಣಿಗೆ ಹೋದೆ. ಮೂಲೆ ತಿರುಗುವ ಮೊದಲೇ ಸದ್ದು ಕೇಳಿಸಿತು: ನೆಲಕ್ಕೆ ಅಂಗಾಲು ಬಡಿಯುವ ಸದ್ದು, ನಡುನಡುವೆ ಏರಿ ಇಳಿಯುವ, ಮಾತಲ್ಲದ ದನಿಗಳು. ಬಾಗಿಲು ತಿಳಿಹಸಿರು. ಒಳಗೆ ಆರು ಮಕ್ಕಳು ಅರ್ಧವೃತ್ತವಾಗಿ ಕುಳಿತಿದ್ದರು. ಸಾಲಾಗಿ ಕೂತರೆ ಒಬ್ಬರ ಕೈ ಒಬ್ಬರಿಗೆ ಕಾಣುವುದಿಲ್ಲ ಎಂದು ಹಾಗೆ. ನಡುವೆ ಚಾಪೆಯ ಮೇಲೆ ಒಂದು ಹಿಡಿ ಜೋಳ, ಒಂದು ಹಿಡಿ ತೊಗರಿ, ಒಂದು ಬಸ್ಸಿನ ಟಿಕೆಟು. ಆಪಾ ಒಂದೊಂದನ್ನೇ ಎತ್ತಿ ತೋರಿಸಿ ಕೈಸನ್ನೆ ಮಾಡುತ್ತಿದ್ದರು, ಮಕ್ಕಳು ಅದನ್ನೇ ಮಾಡಿ ಹಲಗೆಯ ಮೇಲೆ ಹೆಸರು ಬರೆಯುತ್ತಿದ್ದರು. ಹವಳಗಾ ಕಡೆಯ ನಾಲ್ವರು ಇರಲಿಲ್ಲ. ಅವರನ್ನು ಕರೆತರುತ್ತಿದ್ದ ಹೆಂಗಸು ಎರಡು ತಿಂಗಳು ಹಾಗೇ ಬಂದು, ಕೊನೆಗೆ ಕೂಲಿಗೆ ಹೋಗತೊಡಗಿದ್ದಳು.

ಆಪಾ ಪತ್ರ ಓದಿದರು, ಮಡಚಿದರು, ನನ್ನ ಕೈಗೇ ತಿರುಗಿ ಕೊಟ್ಟರು.

“ಇದು ಸಭಾದ ಫೈಸ್ಲಾ ಏನ್ರಿ?”

“ಅಧ್ಯಕ್ಷರು ತಮ್ಮ ಅಧಿಕಾರದಾಗ ಕೊಟ್ಟಾರ್ರಿ.”

“ಅಂದ್ರ ಸಾವಕಾರ್ರ ಮೆಹರಬಾನಿ. ನಿಮ್ಮ ಪುಸ್ತಕದಾಗ ನಾನು ಇಲ್ಲದ ಸಾಲಿ ಹೆಸರಿಲೆ ಅರ್ಜಿ ಹಾಕಿದಾಕಿ ಅಂತ ಅದ. ಅದು ಹಂಗೇ ಇರ್ತದೇನು?”

“ಇದನ್ನ ತೊಗೊಳ್ರಿ ಆಪಾ. ಮಕ್ಕಳಿಗರೆ ಅನುಕೂಲ ಆಗ್ತದ.”

“ಮಕ್ಕಳ ಹೆಸರ್ ಹೇಳಿ ನನ್ನ ಬಾಯಿ ಮುಚ್ಚಬ್ಯಾಡ್ರಿ ಸರ್.” ದನಿ ಏರಿರಲಿಲ್ಲ. “ನಾಳೆ ಮತ್ತೊಬ್ರು ಫೋನ್ ಮಾಡಿ ಕೇಳಿದ್ರ ನೀವು ಯಾವ ಕಾಗದಾ ಓದ್ತೀರಿ? ಇದನ್ನೋ, ಅದನ್ನೋ?”

ನಾನು ಚಾಪೆಯ ಅಂಚಿಗೆ ಕುಳಿತುಬಿಟ್ಟೆ. “ಆಪಾ, ನಾನು ಮನಿ ತಪ್ಪಿರಲಿಲ್ಲ. ಬಂದೇ ಇರಲಿಲ್ಲ.”

“ಗೊತ್ತದ್ರಿ,” ಎಂದರು. “ಆವತ್ತ ಗೊತ್ತಾತು. ಆದ್ರ ನನಗ ಹೇಳಿ ಏನ್ ಫಾಯ್ದಾ? ಯಾರ ಮುಂದ ಸುಳ್ಳ ಹೇಳೀರಿ, ಅವ್ರ ಮುಂದ ಹೇಳ್ರಿ.”

ತಿರುಗಿ ಬರುವ ಬಸ್ಸಿನಲ್ಲಿ ನಿರ್ಧಾರ ಮಾಡಿದೆ ಎಂದರೆ ಪೂರ್ತಿ ನಿಜವಲ್ಲ. ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಅಧ್ಯಕ್ಷರ ಮಿಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಮುಂದಿನ ಸಭೆಯ ಮೊದಲ ವಿಷಯವಾಗಿ ಇದನ್ನು ಇಡಬೇಕು ಎಂದೆ. ಅವರು ಅಂಗೈಯಲ್ಲಿನ ಬೇಳೆಯ ಮಾದರಿಯನ್ನು ಮೇಜಿನ ಮೇಲೆ ಸುರಿದರು. “ಅಜೆಂಡಾದ ಮ್ಯಾಲೆ ಸಹಿ ನಂದು. ನಾ ಹಾಕಂಗಿಲ್ಲ,” ಎಂದರು. “ನಿಮ್ಮ ಮನಸ್ಸಿನ ಭಾರ ಇಳಿಸ್ಲಿಕ್ಕ ನಮ್ಮ ಅಪ್ಪಾಜಿ ಹೆಸರ್ ಯಾಕ ಬೇಕ್ರಿ?”

ಆ ಮಾತಿನಲ್ಲಿ ಅರ್ಧ ಸತ್ಯವಿತ್ತು, ಅದಕ್ಕೇ ನಾಟಿತು. ಆದರೆ ಡೀಡಿನಲ್ಲಿ ಇನ್ನೊಂದು ಕಲಮಿತ್ತು: ಇಬ್ಬರು ಟ್ರಸ್ಟಿಗಳು ಲಿಖಿತವಾಗಿ ಕೇಳಿದರೆ ಯಾವ ವಿಷಯವನ್ನಾದರೂ ಸಭೆಯ ಮುಂದೆ ತರಲೇಬೇಕು. ಅದನ್ನು ಯಾರೂ ಎಂದೂ ಬಳಸಿರಲಿಲ್ಲ. ಅಕ್ಕೋರು ಕೇಳಿದ ಕೂಡಲೇ ಸಹಿ ಹಾಕಿದರು. ಎರಡನೆಯ ಸಹಿಗಾಗಿ ಜೇವರ್ಗಿಯ ಡಾಕ್ಟರ್ ಟ್ರಸ್ಟಿಯ ದವಾಖಾನೆಯಲ್ಲಿ ರೋಗಿಗಳ ಸಾಲಿನಲ್ಲಿ ಕುಳಿತೆ. ಅವರು ಪೂರ್ತಿ ಕೇಳಿ, ಸಹಿ ಹಾಕಿ, “ಸಭಾದಾಗ ನಿಮ್ಮನ್ನ ತೆಗೀರಿ ಅಂತ ಮೊದಲ ನಾನೇ ಹೇಳಾಂವ, ತಿಳಿದಿರ್ಲಿ,” ಎಂದರು. ಇಬ್ಬರ ಕಾಗದವನ್ನು ಎದುರಿಗಿಟ್ಟ ಮೇಲೆ ಅಧ್ಯಕ್ಷರು ಅಜೆಂಡಾಕ್ಕೆ ಸಹಿ ಹಾಕಿದರು.

ಸಭೆಗೆ ಮುಂಚಿನ ವಾರ ಎರಡು ವರ್ಷದ ಫೈಲುಗಳನ್ನು ಇಳಿಸಿಕೊಂಡು ಕುಳಿತೆ. ಹೋಗದೆ ಬರೆದ ವರದಿಗಳ ಮೂಲೆಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ಎರಡೋ ಮೂರೋ ಇರಬಹುದು ಎಂದುಕೊಂಡಿದ್ದೆ. ಒಂಬತ್ತು ಇದ್ದವು. ಐದರಲ್ಲಿ ನಾನು ಹೊಗಳಿಯೇ ಬರೆದಿದ್ದೆ. ಜಿಡಗಾ ಹತ್ತಿರದ ಒಂದು ವಾಚನಾಲಯಕ್ಕಂತೂ ‘ಮಾದರಿ’ ಎಂಬ ಮಾತು. ಅದು ನಿಜಕ್ಕೂ ಚೆನ್ನಾಗಿ ನಡೆಯುತ್ತಿತ್ತು ಎಂದು ಆಮೇಲೆ ತಿಳಿಯಿತು. ನನ್ನ ಸುಳ್ಳು ಅದೃಷ್ಟದಿಂದ ನಿಜವಾಗಿತ್ತು, ಅಷ್ಟೆ. ಅದರಿಂದ ಸಮಾಧಾನವೇನೂ ಸಿಗಲಿಲ್ಲ.

ಸಭೆಯಲ್ಲಿ ಮೂರು ಪ್ಯಾರಾದ ಹೇಳಿಕೆಯನ್ನು ನಿಂತು ಓದಿದೆ. ಬಿಸಿಲು, ಬಸ್ಸಿನ ವೇಳೆ, ಒಂದೇ ದಿನಕ್ಕೆ ಮೂರು ಊರು ಎಲ್ಲ ಅದರಲ್ಲಿದ್ದವು. ಕಾರಣ ಕೊಡುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ ಎಂದೂ ಇತ್ತು.  ರಾಜೀನಾಮೆಯನ್ನೂ ಮುಂದಿಟ್ಟೆ. ಡಾಕ್ಟರು ಹೇಳಿದಂತೆಯೇ ಮೊದಲು ಮಾತಾಡಿದರು: “ರೋಗಿನ್ನ ನೋಡದ ಔಷಧ ಬರದ್ರ ನನ್ನನ್ನ ಜೈಲಿಗೆ ಹಾಕ್ತಾರ. ಇವ್ರು ಒಂಬತ್ತ ಸಲ ಬರದಾರ.” 

ಆಗ ಅಕ್ಕೋರು ಡೀಡಿನ ಪ್ರತಿಯನ್ನು ತೆರೆದು, ಇಬ್ಬರು ಟ್ರಸ್ಟಿಗಳು ಹೋಗಬೇಕೆಂಬ ಕಲಮನ್ನು ಓದಿದರು. “ಈ ಒಂಬತ್ತರ ಕೆಳಗ ಸಹಿ ಯಾರ್ಯಾರ್ದು ಅದ ನೋಡ್ರಿ. ನಂದೂ ಅದ. ಆವತ್ತ ನಾ ಒಂದ ಪ್ರಶ್ನಾ ಕೇಳಿ ಕುಂತೆ. ಎರಡನೇದ ಕೇಳಲಿಲ್ಲ, ಊಟದ ಹೊತ್ತಾಗಿತ್ತು,” ಎಂದರು.  ಅಧ್ಯಕ್ಷರು ಡೀಡನ್ನು ತಮ್ಮತ್ತ ಎಳೆದುಕೊಂಡು, “ಅಪ್ಪಾಜಿ ಇದ್ದಾಗ ನಾನೇ ಗಾಡಿ ಹೊಡೀತಿದ್ದೆ, ಊರೂರಿಗೆ,” ಎಂದರು. ಅಷ್ಟೇ. ಆಮೇಲೆ ಅವರೇ ಠರಾವುಗಳನ್ನು ಹೇಳಿ ಬರೆಸಿದರು.

ಅಫಜಲಪುರದ ನಾಮಂಜೂರಾತಿ ರದ್ದಾಗಿ ಅನುದಾನ ಮಂಜೂರಾಯಿತು. ವರದಿ ಸುಳ್ಳೆಂದು ಅದೇ ನಡಾವಳಿ ಪುಸ್ತಕದಲ್ಲಿ, ಅದೇ ಪುಟದ ಅಂಚಿನಲ್ಲಿ ಎಲ್ಲರ ಸಹಿಯೊಂದಿಗೆ ದಾಖಲಾಯಿತು. ಕಲಬುರಗಿಯ ಸಂಸ್ಥೆಗೆ ಪತ್ರ ಹೋಯಿತು. ಇನ್ನು ಮುಂದೆ ಇಬ್ಬರು ಟ್ರಸ್ಟಿಗಳು ಹೋಗದ ಅರ್ಜಿ ಸಭೆಗೆ ಬರುವಂತಿಲ್ಲ. ಬರೆದ ವರದಿಯನ್ನು ಅರ್ಜಿದಾರರಿಗೆ ಮೊದಲು ಓದಿ ಹೇಳಬೇಕು. ನಾಮಂಜೂರಾದರೆ ಕಾರಣವನ್ನು ಬರೆದು ಕಳಿಸಬೇಕು. ನಡಾವಳಿಯನ್ನು ಸಭೆ ಮುಗಿದ ಮೇಲೆ ಬರೆಯಬೇಕು. ಈ ಕೊನೆಯದನ್ನು ಠರಾವು ಮಾಡಬೇಕಾಗಿ ಬಂತಲ್ಲ ಎಂದು ಬರೆಯುತ್ತ ಬರೆಯುತ್ತಲೇ ಮುಖ ಬಿಸಿಯಾಯಿತು.

ರಾಜೀನಾಮೆಯನ್ನು ಡಾಕ್ಟರು ಆಗಲೇ ಒಪ್ಪಬೇಕು ಎಂದರು. ಅಕ್ಕೋರು ತಡೆದರು. “ಬಿಟ್ಟ ಹೋಗೋದು ಭಾಳ ಸುಲಭ ಆಗ್ತದ. ಮೊದಲ ಆ ಒಂಬತ್ತ ಊರಿಗೂ ಹೋಗಿ, ಅವ್ರ ಮುಂದ ಹೇಳಿ ಬರ್ಲಿ. ಜೋಡಿ ನಾವೂ ಹೋಗೂಣು. ಆಮ್ಯಾಲೆ ಹೋಗ್ಲಿ.” ಹಾಗೇ ಆಯಿತು. ಚಳಿಗಾಲದ ಕೊನೆಗೆ ನಾನು ಕೆಲಸ ಬಿಟ್ಟೆ.

ಒಂಬತ್ತು ಊರಿಗೂ ಹೋದೆವು. ಕೆಲವರು ‘ಇರ್ಲಿ ಬಿಡ್ರಿ’ ಎಂದರು, ಜೇವರ್ಗಿ ಕಡೆಯ ಒಬ್ಬರು ಎದ್ದು ಒಳಗೆ ಹೋದರು. ಅಫಜಲಪುರದಲ್ಲಿ ಆಪಾ, “ನನಗ ಆಗ್ಲೇ ಹೇಳೀರಿ. ಬರಲಾರದ ಕುಂತ ಮಕ್ಕಳ ಮನಿಗೆ ನಡೀರಿ,” ಎಂದು ತಾವೂ ಗಾಡಿ ಹತ್ತಿದರು. ಗಾಡಿ ಅಧ್ಯಕ್ಷರದು, ಹೊಡೆಯುತ್ತಿದ್ದವರೂ ಅವರೇ.

ಹವಳಗಾ ದಾಟಿ ಒಂದು ಹಳ್ಳಿ. ದಾರಿಯುದ್ದಕ್ಕೂ ಫ್ಯಾಕ್ಟರಿಗೆ ಹೊರಟ ಕಬ್ಬಿನ ಗಾಡಿಗಳು. ಅಂಗಳದಲ್ಲಿ ಹನ್ನೆರಡು ವರ್ಷದ ಹುಡುಗಿ ಶೇಂಗಾ ಸುಲಿಯುತ್ತಿದ್ದಳು. ಆಪಾ ಕಂಡದ್ದೇ ಮೊರ ಬಿಟ್ಟು ಓಡಿ ಬಂದಳು. ಅಷ್ಟು ತಿಂಗಳು ಕಟ್ಟಿಟ್ಟಿದ್ದ ಮಾತೆಲ್ಲ ಅವಳ ಕೈಯಲ್ಲಿ ಒಮ್ಮೆಲೇ ಬಂತು. ಆ ಮನೆಯಲ್ಲಿ ಅವಳ ಭಾಷೆ ಬಲ್ಲವರು ಯಾರೂ ಇರಲಿಲ್ಲ. ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹುಡುಗಿ ನನ್ನತ್ತ ಬೊಟ್ಟು ಮಾಡಿದಳು.

“ಯಾರಂತ ಕೇಳಾಕತ್ತಾಳ,” ಎಂದರು ಆಪಾ. “ಏನಂತ ಹೇಳ್ಲಿ?”

“ಬರಬೇಕಾದಾಂವ ಬರಲಿಲ್ಲ, ಬಂದೆ ಅಂತ ಸುಳ್ಳ ಬರದಾಂವ ಅಂತ ಹೇಳ್ರಿ.”

ಆಪಾ ಹೇಳಿದರು. ಹುಡುಗಿ ನನ್ನನ್ನು ನೋಡಿ ಕೈಯನ್ನು ಒಮ್ಮೆ ಸಣ್ಣಗೆ ತಿರುಗಿಸಿದಳು.

“ಯಾಕ ಅಂತಾಳ.”

ಸಭೆಯಲ್ಲಿ ಓದಿದ ಮೂರು ಪ್ಯಾರಾ ನನಗೆ ಬಾಯಿಪಾಠವಾಗಿತ್ತು. ಅದರಲ್ಲಿ ಈ ಹುಡುಗಿಗೆ ಹೇಳುವಂಥದ್ದು ಒಂದು ಸಾಲೂ ಇರಲಿಲ್ಲ. “ದಣಿದಿದ್ದೆ. ಬಸ್ ಬಂತು. ಹತ್ತಿದೆ,” ಎಂದೆ. ಆಪಾ ಅದನ್ನು ಮೂರು ಸನ್ನೆಯಲ್ಲಿ ಮುಗಿಸಿದರು.

ನಾನು ಅವಳ ಸಿಟ್ಟಿಗೆ ಸಿದ್ಧನಾಗಿ ನಿಂತಿದ್ದೆ. ಅವಳು ನನ್ನ ಕಡೆ ಮತ್ತೆ ನೋಡಲಿಲ್ಲ. ಆಪಾರ ಸೆರಗು ಹಿಡಿದೆಳೆದು, ಗಾಡಿಯ ಕಡೆ ತೋರಿಸಿ ಏನೋ ಕೇಳಿದಳು. ಆಪಾ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

“ಈಗ ಬರ್ಲೇನು ಅಂತ ಕೇಳಾಕತ್ತಾಳ್ರಿ,” ಎಂದರು. ಅಷ್ಟರಲ್ಲಿ ಹುಡುಗಿ ಒಳಗೆ ಓಡಿ, ಶಾಲೆಯ ಪಾಟಿಚೀಲವನ್ನು ಹೆಗಲಿಗೆ ಹಾಕಿಕೊಂಡು ಬಂದು, ಗಾಡಿಯ ಬಾಗಿಲ ಹತ್ತಿರ ನಿಂತಿದ್ದಳು.